ಅಂಟು ಬೇಯುವಷ್ಟು ಹೊತ್ತು

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೀಚಿದ ಒಂದು ಹಾಳೆಗಾಗಿ ಐವತ್ತೆರಡರಲ್ಲಿ ಒಬ್ಬನನ್ನು ಕೊಲ್ಲಬೇಕಾಗಿ ಬಂದದ್ದು ದೊಡ್ಡ ಅನ್ಯಾಯ ಎಂದೇ ಅವನಿಗೆ ಅನಿಸಿತ್ತು. ಅನ್ಯಾಯ ಆದದ್ದು ತನಗೆ, ಸಾಯುವವನಿಗಲ್ಲ.

ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಮೊಕದ್ದಮೆಗಳಿಗೆಂದೇ ಹೊಸ ನ್ಯಾಯಾಲಯವೊಂದು ತೆರೆಯಲಿತ್ತು. ಸೋಮವಾರ ಅವನು ಅದರ ಮುಖ್ಯ ನ್ಯಾಯಾಧೀಶನಾಗಿ ಪ್ರಮಾಣ ಮಾಡಬೇಕು. ಮೂವತ್ಮೂರು ವರ್ಷಗಳ ಹಿಂದೆ ಅವನ ತರಗತಿಯ ಹುಡುಗಿಯೊಬ್ಬಳನ್ನು ಯಾರೋ ಬೀದಿಯಿಂದ ಎಳೆದೊಯ್ದು ಹಾಳುಮಾಡಿದಾಗ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವನು ‘ಕೇಳಿ ಪಡೆದವಳು’ ಎಂದು ಬರೆದಿದ್ದ. ಗೆಳೆಯರು ಬೆನ್ನು ತಟ್ಟಿ ನಕ್ಕಿದ್ದರು.

ಕ್ಷಮೆ ಕೇಳಿ ಪಾರಾಗೋಣವೆಂದರೆ ಆ ಬಾಗಿಲನ್ನು ಅವನೇ ಮುಚ್ಚಿದ್ದ. ಎರಡು ವರ್ಷಗಳ ಹಿಂದೆ, ಆಯ್ಕೆ ಸಮಿತಿಯ ಅಧ್ಯಕ್ಷನಾಗಿ, ಅಧಿಕಾರಿಯೊಬ್ಬನನ್ನು ಆತ ಹದಿನೆಂಟನೆಯ ವಯಸ್ಸಿನಲ್ಲಿ ಆಡಿದ್ದ ಒಂದು ಕೊಳಕು ಮಾತಿಗೆ ಮನೆಗೆ ಕಳಿಸಿದ್ದ. “ವಯಸ್ಸು ಚಿಕ್ಕದಿತ್ತು, ಸರಿ. ನಾಲಿಗೆ ಉದ್ದ ಇತ್ತಲ್ಲ?” ಎಂದು ಟೀವಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಆ ಅಧಿಕಾರಿಯ ಹೆಂಡತಿ ಇವನ ಮನೆಯ ಗೇಟಿನ ಹೊರಗೆ ಮೂರು ದಿನ ನಿಂತು ಹೋಗಿದ್ದಳು.

ಸಂಚಿಕೆಯ ಪ್ರತಿಗಳೆಲ್ಲ ಎಂದೋ ರದ್ದಿಗೆ ಹೋಗಿ, ಕಾಲೇಜು ಗ್ರಂಥಾಲಯದಲ್ಲಿ ಒಂದೇ ಒಂದು ಉಳಿದಿತ್ತು. ಅದು ಈಗ ಪುಸ್ತಕ ಕಟ್ಟುವ ಬೈಂಡರನೊಬ್ಬನ ಕೈಗೆ ಬಂದಿತ್ತು. ಹಳೆಯ ಸಹಪಾಠಿ; ಹಾಸ್ಟೆಲಿನಲ್ಲಿ ಎಲ್ಲರೂ ಆತನನ್ನು ಗೋಂದು ಎಂದೂ ಇವನನ್ನು ಲಾಯರ್ ಎಂದೂ ಕರೆಯುತ್ತಿದ್ದರು. ಬುಧವಾರ ಬೈಂಡರನೇ ಫೋನ್ ಮಾಡಿದ.

“ಲೋ ಲಾಯರ್, ನಿನ್ನ ಹಳೇ ಪ್ರತಾಪ ಸಿಕ್ತು ಕಣೋ. ಹಳೇ ಸಂಚಿಕೆಗೆಲ್ಲ ಹೊಸ ರಟ್ಟು ಹಾಕೋಕೆ ಕೊಟ್ಟಿದಾರೆ. ಆಮೇಲೆ ಎಲ್ಲಾನೂ ಕಂಪ್ಯೂಟರ್‌ಗೆ ಹಾಕ್ತಾರಂತೆ. ಶುಕ್ರವಾರ ಬಾ, ಏನಾದ್ರೂ ಮಾಡೋಣ.”

ಏನಾದ್ರೂ ಮಾಡೋಣ! ಅದರರ್ಥ ಅವನಿಗೆ ತಕ್ಷಣ ತಿಳಿಯಿತು. ಆ ಜಾಗದಲ್ಲಿ ತಾನಿದ್ದರೂ ಹೀಗೇ ನಯವಾಗಿ ದುಡ್ಡಿನ ಮಾತು ಶುರುಮಾಡುತ್ತಿದ್ದ. ಹಾಳೆ ಸುಡಬಹುದು, ಓದಿದವನ ಬಾಯಿಗೆ ಏನು ಮಾಡುವುದು?

ಲೆಕ್ಕಾಚಾರ ಪಕ್ಕಾ ಆಗಿತ್ತು. ಬೈಂಡರನ ಹೆಂಡತಿ ಹನ್ನೆರಡೂವರೆಗೆ ಅಡುಗೆಗೆಂದು ಮನೆಗೆ ಹೋದರೆ ಬರುವುದು ಎರಡಕ್ಕೆ. ಆ ಹೊತ್ತಿಗೆ ಓಣಿಯ ಅಂಗಡಿಗಳೆಲ್ಲ ಅರ್ಧ ಬಾಗಿಲು ಎಳೆದುಕೊಂಡಿರುತ್ತವೆ. ಕಾರು ಎರಡು ಬೀದಿ ಆಚೆ, ಜೇಬಿನಲ್ಲಿ ಕೈಗವಸು, ಆಯುಧ ಅಂಗಡಿಯದ್ದೇ. ಪುಸ್ತಕವನ್ನೇ ಹೊತ್ತೊಯ್ದರೆ ಯಾವ ವರ್ಷದ್ದು ಕಾಣೆಯಾಯಿತೆಂದು ಹುಡುಕುತ್ತಾರೆ. ನಲವತ್ತು ಸಂಪುಟಗಳ ನಡುವೆ ಒಂದು ಹಾಳೆ ಕಡಿಮೆಯಾದರೆ ಯಾರು ನೋಡುತ್ತಾರೆ?

ಶುಕ್ರವಾರ ಅಂಗಡಿಯ ಒಳಗೆ ಹೋದಾಗ ಬೈಂಡರ್ ಸ್ಟೂಲಿನ ಮೇಲೆ ಕೂತಿದ್ದ. ಒಲೆಯ ಮೇಲೆ ಮೈದಾ ಅಂಟು ಬೇಯುತ್ತಿತ್ತು. ಮೇಜಿನ ಮೇಲೆ ತೆರೆದ ಸಂಪುಟ, ಅದರ ಮೇಲೆ ಬೆರಳಗಲದ ಬಿಳಿ ಕಾಗದದ ಪಟ್ಟಿ.

“ಬಂದ್ಯಾ? ಹಾಳೆ ಆಗ್ಲೇ ಕೊಯ್ದಿಟ್ಟಿದೀನಿ, ಇಲ್ಲೇ ಇದೆ,” ಎಂದು ಅಂಗಿಯ ಜೇಬು ತಟ್ಟಿಕೊಂಡ. “ಹತ್ತು ನಿಮಿಷ ಕೂತ್ಕೋ, ಅಂಟು ಬೇಯ್ಲಿ. ಸಣ್ಣ ಕೆಲಸ ಒಂದು ಬಾಕಿ ಇದೆ. ಆಮೇಲೆ ಮಾತಾಡೋಣ.”

ಬೈಂಡರ್ ಒಲೆಯ ಕಡೆ ತಿರುಗಿದ. ಇವನು ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿ ಬೈಂಡರನ ನಡುನೆತ್ತಿಗೆ ಹೊಡೆದ. ಮನುಷ್ಯ ಅಷ್ಟು ಸುಲಭಕ್ಕೆ ಸಾಯುವುದಿಲ್ಲ ಎನ್ನುವುದೊಂದೇ ಅವನ ಲೆಕ್ಕದಲ್ಲಿರಲಿಲ್ಲ. ಬೈಂಡರ್ ಮಂಡಿಯೂರಿ “ಯಾಕೋ?” ಎಂದ. ಎರಡನೆಯ ಏಟಿಗೆ ದವಡೆ ಮುರಿಯಿತು. ಬೈಂಡರ್ ತೆವಳುತ್ತ ಬಂದು ಇವನ ಪ್ಯಾಂಟು ಹಿಡಿದುಕೊಂಡ. ಇವನಿಗೆ ರೇಗಿಹೋಯಿತು. ಬೆರಳುಗಳನ್ನು ಶೂನಿಂದ ಜಜ್ಜಿ ಬಿಡಿಸಿ, ತಲೆಯ ಮೇಲೆ ಮತ್ತೆ ಮತ್ತೆ ಹೊಡೆದ. ನೆಲದಲ್ಲಿ ರಕ್ತ ಒಲೆಯ ಕಾಲಿನವರೆಗೂ ಹರಿಯಿತು.

ಜೇಬಿನಲ್ಲಿ ಮಡಚಿದ ಹಾಳೆಯಿತ್ತು. ಸಂಪುಟವನ್ನು ಮುಚ್ಚಿ ರಾಶಿಯ ನಡುವೆ ತೂರಿಸಿದ. ಬಿಳಿ ಪಟ್ಟಿ ಕೆಳಗೆ ಬಿತ್ತು, ಬೀಳಲಿ. ಕಳ್ಳರ ಕೆಲಸದಂತೆ ಕಾಣಲೆಂದು ಗಲ್ಲಾ ಒಡೆದ. ಹೊರಡುವ ಮುನ್ನ ಒಲೆ ಆರಿಸಿದ, ಬೆಂಕಿ ಹತ್ತಿಕೊಂಡರೆ ಜನ ಬೇಗ ಸೇರುತ್ತಾರೆಂದು. ಮನೆಯ ಬಚ್ಚಲಲ್ಲಿ ಹಾಳೆ ಸುಟ್ಟು ಬೂದಿಗೆ ನೀರು ಹೊಯ್ದು, ಎರಡು ರಾತ್ರಿ ಗಡದ್ದಾಗಿ ನಿದ್ದೆ ಮಾಡಿದ.

ಭಾನುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದಳು, ಕಂಕುಳಲ್ಲಿ ಅದೇ ಸಂಪುಟ. “ಆವತ್ತು ಅವರ ಕೈಯಲ್ಲಿದ್ದದ್ದು ಇದೇ ಅಂತ ಅವರ ಹೆಂಡತಿ ಹೇಳಿದ್ರು ಸರ್. ಮೂವತ್ತೊಂದನೇ ಪುಟ ಇಲ್ಲ.” ಹಳೆಯ ಪುಸ್ತಕ, ಹರಿದಿರಬೇಕು ಎಂದ ಅವನು, ಕಾಫಿ ಕಪ್ಪನ್ನು ಅಲುಗಿಸದೆ. “ಹರಿದಿಲ್ಲ ಸರ್, ಕೊಯ್ದಿರೋದು. ಹಳೇ ಸ್ನೇಹಿತ, ಮಾನ ಹೋಗ್ಬಾರ್ದು ಅಂತ ಹೆಂಡತಿ ಹತ್ರ ಹೇಳಿಕೊಂಡಿದ್ರಂತೆ. ಹೆಸರು ಮಾತ್ರ ಹೇಳಿರ್ಲಿಲ್ಲ. ಹೆಸರು ಕಾಣದ ಹಾಗೆ ಇಲ್ಲೂ ಒಂದು ಬಿಳಿ ಪಟ್ಟಿ ಅಂಟಿಸ್ತೀನಿ ಅಂದಿದ್ರಂತೆ, ಪಾಪ, ಅಂಟೇ ಬೆಂದಿರ್ಲಿಲ್ಲ.” ಅವಳು ಮೊದಲ ಹಾಳೆ ತೆರೆದು ಅವನ ಮುಂದಿಟ್ಟಳು. ಆ ಸಂಚಿಕೆಯಲ್ಲಿ ಅವನು ತನ್ನ ಲೇಖನವೊಂದನ್ನು ಬಿಟ್ಟು ಬೇರೆ ಯಾವ ಪುಟವನ್ನೂ ಎಂದೂ ನೋಡಿರಲಿಲ್ಲ. ಅದು ಪರಿವಿಡಿ. ಏಳನೆಯ ಸಾಲಿನಲ್ಲಿ ‘ಕೇಳಿ ಪಡೆದವಳು’, ಅದರ ಮುಂದೆ ತಂದೆಯ ಹೆಸರೂ ಸೇರಿದಂತೆ ಅವನ ಪೂರ್ತಿ ಹೆಸರು, ಕೊನೆಗೆ ಪುಟ ಮೂವತ್ತೊಂದು.