ನಿಂಬೆಹಣ್ಣು ಮುಟ್ಟಿದ ಕಳ್ಳ

ಬುಧವಾರ ಬೆಳಿಗ್ಗೆ ಗ್ಯಾನಪ್ಪ ಗಾಡಿಯ ಮೇಲಿನ ತಾಡಪತ್ರಿ ಎತ್ತಿದ. ಎತ್ತಿದವನು ಹಾಗೇ ಕುಸಿದು ಕೂತ.

ನಿನ್ನೆ ಸಂಜೆ ಹೊದಿಸಿ ಹೋದಾಗ ಗಾಡಿಗೆ ಹೊಸದಾಗಿ ಎರಡು ಹಳದಿ ಕಣ್ಣಿದ್ದವು. ಈಗ ಒಂದೇ ಇತ್ತು.

ಅವನು ಹಾಕಿದ ಕೂಗಿಗೆ ಮಸ್ಕಿ ಗುಡ್ಡದ ಮಂಗಗಳೆಲ್ಲ ಮರಿ ಅವುಚಿಕೊಂಡು ಲಿಂಗಸುಗೂರಿನ ಕಡೆ ಗುಳೆ ಹೊರಟವು ಎಂದು ಓಣಿಯವರು ಇವತ್ತಿಗೂ ಹೇಳುತ್ತಾರೆ. ಮಂಗಗಳ ಮಾತು ಬಿಡಿ, ಠಾಣೆಯಲ್ಲಿ ಚಹಾ ಕುಡಿಯುತ್ತಿದ್ದ ಹವಾಲ್ದಾರ್ ಗದ್ದೆಮ್ಮನಿಗೆ ಕೂಗು ಕೇಳಿದ್ದು ಮಾತ್ರ ಖರೆ. ಫೋನು ಬರುವ ಮೊದಲೇ ಅವಳು ಟೋಪಿ ಹಾಕಿಕೊಂಡು ಎದ್ದಿದ್ದಳು.

ಎಲ್ಲಿಗಾದರೂ ಹೋಗಬೇಕೆಂದರೆ ಗದ್ದೆಮ್ಮ ಯಾವಾಗಲೂ ತಯಾರು. ಕ್ವಾರ್ಟರ್ಸಿನಲ್ಲಿ ಅವಳ ಜೊತೆ ಮಾತಾಡುವುದು ಕುಕ್ಕರಿನ ಸೀಟಿ ಒಂದೇ. ಅದಕ್ಕೂ ಅವಳು "ಬಂದೆ, ಬಂದೆ" ಎಂದು ಉತ್ತರ ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅಭ್ಯಾಸವಾದ ಮಾತು ಅದು. ರವಿವಾರ ಬಂದರೆ ಯೂನಿಫಾರ್ಮಿನ ಗಟ್ಟಿಯಿದ್ದ ಗುಂಡಿಯೊಂದನ್ನು ತಾನೇ ಕಿತ್ತುಕೊಂಡು ಟೇಲರ್ ಬಿಬಿಜಾನಳ ಮನೆಗೆ ಹೋಗುತ್ತಿದ್ದಳು. ಗುಂಡಿ ಹೊಲಿಯಲು ಎಷ್ಟು ಹೊತ್ತು ಬೇಕು? ಗದ್ದೆಮ್ಮನ ಗುಂಡಿ ಹೊಲಿಯುವಷ್ಟರಲ್ಲಿ ಎರಡು ಸಲ ಚಹಾ ಆಗಿ, ಸೂರ್ಯ ಮುಳುಗುತ್ತಿದ್ದ. ಬಿಬಿಜಾನಳಿಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಕೇಳಿರಲಿಲ್ಲ.

*

ಬದನೆಕಾಯಿ ಬಣ್ಣದ ಹಳೇ ಫಿಯಟ್ ಕಾರು ಅದು. ಬಸ್ ಡ್ರೈವರ್ ಆಗಿದ್ದ ಗ್ಯಾನಪ್ಪ ರಿಟೈರ್ ಆದ ಮೇಲೆ ಕೊಂಡು, ಹೆಣದಂತಿದ್ದುದನ್ನು ಎಬ್ಬಿಸಿ ಕೂರಿಸಿದ್ದ. ಅದರ ಹಾರ್ನ್ ಹೊಡೆದರೆ ಹಳ್ಳದಾಚೆಯ ಎಮ್ಮೆಗಳು ತಮ್ಮನ್ನೇ ಕರೆದರೆಂದು ಓಡಿ ಬರುತ್ತಿದ್ದವು.

"ಒಂದ ಕಣ್ಣಿನ ಗಾಡಿ ಮಾಡಿ ಹೋಗ್ಯಾನವ್ವ!" ಗ್ಯಾನಪ್ಪ ಎದೆ ಬಡಿದುಕೊಂಡ. "ಶುಕ್ರವಾರ ಸಿಂಧನೂರಾಗ ಇರಬೇಕು ನಾ."

"ಶುಕ್ರವಾರ ಏನೈತಿ ಕಾಕಾ?"

"ಅಲ್ಲಿ ಆನಂದಕುಮಾರ ಅಂತ ಮದುವಿ ಫೋಟೋ ತೆಗೆಯೋ ಹುಡುಗ ಅದಾನ. ಮದುಮಕ್ಕಳನ್ನ ಹಳೇ ಕಾರಿನ್ಯಾಗ ಕುಂದರಿಸಿ ಫೋಟೋ ಹೊಡಿಯೋದು ಈಗಿನ ಫ್ಯಾಷನ್ನು. ಎರಡು ಹಳದಿ ಫೋಕಸ್ ಲೈಟ್ ಹಾಕ್ಕೊಂಡು ಬಾ, ಗಾಡೀನೂ ತಗೋತೀನಿ, ನಿನ್ನೂ ಡ್ರೈವರಂತ ತಗೋತೀನಿ ಅಂದಾನ. ಶುಕ್ರವಾರ ಹೋಗಲಿಲ್ಲಂದ್ರ ಬ್ಯಾರೆ ಗಾಡಿ ನೋಡ್ತಾನಂತ. ಬಸ್ ಬಿಟ್ಟಾಗಿಂದ ಈ ಕೈ ಸ್ಟೇರಿಂಗ್ ಇಲ್ಲದ ಅಳತಾವ ತಂಗಿ."

ಗದ್ದೆಮ್ಮ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೋಡಿದಳು. ಮತ್ತೆ ನೋಡಿದಳು.

ಬಲಗಡೆ ಹಳದಿ ಲೈಟು ಇತ್ತು. ಎಡಗಡೆ ಬರೀ ಲೈಟು ಹಿಡಿದಿಡುವ ಕ್ಲಾಂಪು. ಆದರೆ ಕ್ಲಾಂಪಿಗೆ ನಟ್ಟು, ವಾಷರ್ ತಿರುಗಿ ಹಾಕಿತ್ತು. ವಾಯರ್ ಕತ್ತರಿಸಿರಲಿಲ್ಲ, ಬಿಚ್ಚಿದ್ದರು. ತುದಿಗಳಿಗೆ ಒಂದೊಂದಕ್ಕೂ ಕರಿ ಟೇಪು ಸುತ್ತಿತ್ತು. ಮೇಲೆ ಪ್ಲಾಸ್ಟಿಕ್ ಚೀಲ ಬೇರೆ. ಗಾಡಿಗೆ ಥಂಡಿ ಹತ್ತಿ ಕೆಮ್ಮು ಬಂದೀತೆಂದು ಕಳ್ಳನಿಗೆ ಕಾಳಜಿ!

"ಎಂಥಾ ಕಳ್ಳಲೇ ಇವ," ಎಂದುಕೊಂಡಳು ಗದ್ದೆಮ್ಮ. "ನಿಂಬಿಹಣ್ಣು ಯಾವ ಕಡೆ ಕಟ್ಟಿದ್ದಿ ಕಾಕಾ?"

"ಎಡಕ್ಕ. ಹೋದ ಲೈಟಿನ ಕ್ಲಾಂಪಿಗೇ. ದೃಷ್ಟಿ ಆಗಬಾರದಂತ."

ನಿಂಬೆಹಣ್ಣು, ಮೆಣಸಿನಕಾಯಿಯ ಸರ ಈಗ ಬಲಗಡೆಯ ಲೈಟಿಗೆ ನೇತಾಡುತ್ತಿತ್ತು. ಗಂಟು ಹಾಕಿ, ನೆಟ್ಟಗೆ.

"ಯಾರ ಮ್ಯಾಲ ಅನುಮಾನ?"

"ಗುಜರಿ ದುರುಗೇಶ! ನಿನ್ನೆ ಬಂದಿದ್ದ. ಆ ಕಂಬದ ಹತ್ರ ನಿಂತು, ಮಾರ್ತೀಯೇನು ಅಂದ."

"ಹತ್ರ ಬಂದು ನೋಡ್ಲಿಲ್ಲೇನು?"

"ಇಲ್ಲ. ಅಲ್ಲೇ ನಿಂತು ಜೊಲ್ಲು ಸುರಿಸಿದ."

ಗದ್ದೆಮ್ಮ ಮೇಲೇಳುವ ಮೊದಲೇ ಠಾಣೆಯ ಸಾಹೇಬರು ಗ್ಯಾನಪ್ಪನ ಫೋನಿನಲ್ಲೇ ಹೆಸರು ಕೇಳಿ, ಲಿಂಗಸುಗೂರಿಗೆ ಜೀಪು ಓಡಿಸಿಯಾಗಿತ್ತು. ದುರುಗೇಶ ಹಿಂದೊಮ್ಮೆ ಕದ್ದ ಬ್ಯಾಟರಿ ಕೊಂಡು ಸಿಕ್ಕಿಬಿದ್ದವನು. ಅಂದಿನಿಂದ ಈ ಕಡೆ ಸೈಕಲ್ಲಿನ ಬೆಲ್ ಹೋದರೂ ಅವನ ಮನೆಯ ಬಾಗಿಲೇ ಬಡಿಯುವುದು.

*

ಲೈಟು ಫಿಟ್ ಮಾಡಿದವನು ಸಿಂಧನೂರು ರಸ್ತೆಯ ಹಸನ್‌ಸಾಬ್. ಗಾಡಿಗಳ ವೈರಿಂಗ್ ಕೆಲಸದವನು. ಅವನ ಅಂಗಡಿಯ ಅರ್ಧ ಇಳಿಸಿದ ಶಟರ್ ಮೇಲೆ ಸೀಮೆಸುಣ್ಣದ ಗೆರೆಗಳಿದ್ದವು. ಲೈಟಿನ ಬೆಳಕು ಎಲ್ಲಿ ಬೀಳಬೇಕೆಂದು ಗಾಡಿಯನ್ನು ಎದುರು ನಿಲ್ಲಿಸಿ ಎಳೆದ ಗೆರೆ. ಎಳೆದು, ಅಳಿಸಿ, ಮತ್ತೆ ಎಳೆದದ್ದು. ಶಟರ್ ತುಂಬ ರಂಗೋಲಿಯಂತೆ ಕಾಣುತ್ತಿತ್ತು.

"ಭಾಳ ದಿನ ಹಿಡೀತೇನು ಚಾಚಾ, ಫಿಟ್ ಮಾಡಾಕ?"

"ಹಿಡೀದ ಏನ್ರಿ ಮೇಡಂ! ಲಿಂಗಸುಗೂರಿಂದ ಕ್ಲಾಂಪ್ ತಂದ್ವಿ, ದಪ್ಪ ಆತು. ಸಿಂಧನೂರಿಂದ ರಿಲೇ ತಂದ್ವಿ, ಸುಟ್ಟು ಹೋತು. ಎರಡೂ ಲೈಟ್ ಹಚ್ಚಿದ್ರ ಡೈನಮೋ ಕುಂಯ್ ಅಂತಿತ್ತು. ದಿನಾ ಬರ್ತಿದ್ದ ಗ್ಯಾನ್ಯಾ. ದಿನಾ ಬೈತಿದ್ದ. ಒಂದ ಬುತ್ತಿ ಬಿಚ್ಚಿ ಇಬ್ರೂ ಉಣತಿದ್ವಿ."

ಅವನ ಮುಖ ಅರಳಿತ್ತು. ಆಮೇಲೆ ತಾನಾಗಿ ಮುಚ್ಚಿಕೊಂಡಿತು.

ಗದ್ದೆಮ್ಮ ಮೂಲೆಯಲ್ಲಿ ಬೋರಲು ಹಾಕಿದ್ದ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕೂರಲು ಹೋದಳು. ಹಸನ್‌ಸಾಬ್ ಚಂಗನೆ ನೆಗೆದು ಬಂದ.

"ಅದರ ಮ್ಯಾಲ ಬ್ಯಾಡ್ರಿ! ಅದು ಗ್ಯಾನಪ್ಪಂದು. ಕುರ್ಚಿ ತಗೋರಿ."

ಅವಳು ಕುರ್ಚಿಯಲ್ಲಿ ಕೂತಳು. "ಇನ್ನೊಂದು ಲೈಟ್ ಸಿಗತೈತೇನು?"

"ಅಂಥಾದ್ದು ಈ ಕಡಿ ಎಲ್ಲೂ ಇಲ್ಲ. ಹೈದರಾಬಾದಿಗೆ ಹೇಳಿ ಕಳಿಸಬೇಕು. ಅಲ್ಲಿಂದ ಬರೂತನ ಹೋಳಿ ಆಗ್ತದ, ರಂಜಾನ್ ಆಗ್ತದ..."

ಅಷ್ಟರಲ್ಲಿ ಗ್ಯಾನಪ್ಪ ಬಂದು ಪೆಟ್ಟಿಗೆಯ ಮೇಲೆ ಧೊಪ್ಪೆಂದು ಕೂತ. ಕಳ್ಳನ ವಂಶವನ್ನು ಕೆಳಗಿನಿಂದ ಮೇಲಿನವರೆಗೂ ಬೈದ. ಹಸನ್‌ಸಾಬ್ ತಲೆ ತಗ್ಗಿಸಿ ಕೇಳಿದ. ಬಿಸ್ಕಿಟ್ಟು ಮುರಿದು ದೊಡ್ಡ ಅರ್ಧ ಗೆಳೆಯನ ಕೈಗಿಟ್ಟ.

"ಇರ್ಲಿ ಬಿಡಲೇ. ಮತ್ತ ನಾಳಿಂದ ಶುರು ಮಾಡೋಣು."

*

ಲಾಕಪ್ಪಿನಲ್ಲಿ ದುರುಗೇಶ ಅಳುತ್ತಿದ್ದ.

"ನನ್ನ ಮಗಳನ್ನ ನೋಡಾಕ ಗಂಡಿನವರು ಬರೋರಿದ್ರು ರೀ ಅಕ್ಕಾರ! ಅವರು ಬರೋದಕ್ಕೂ ನಿಮ್ಮ ಜೀಪು ಬರೋದಕ್ಕೂ ಸರಿ ಹೋತು. ನಿಂಬಿಹಣ್ಣು ಕಟ್ಟಿದ ಗಾಡಿ ನಾ ಮುಟ್ತೀನೇನ್ರಿ? ಗುಜರಿಗೆ ಬಂದ ಗಾಡೀನೂ, ಮಾಲಕ ತನ್ನ ಕೈಲೆ ಹಣ್ಣು ಬಿಚ್ಚಿದ ಮ್ಯಾಲಽ ತೂಕಕ್ಕ ಹಾಕ್ತೀನಿ."

ಗದ್ದೆಮ್ಮ ಹೊರಗೆ ಹೋಗಿ ಸಾಹೇಬರ ಜೀಪಿಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿ ತಂದಳು. ಸರಳಿನ ಸಂದಿಯಿಂದ ಒಳಗೆ ಉರುಳಿಸಿದಳು.

ದುರುಗೇಶ ಹಲ್ಲಿಯಾದ. ಗೋಡೆಗೆ ಅಂಟಿ, ಕಾಲು ಮೇಲೆತ್ತಿ, ಅಷ್ಟು ದೊಡ್ಡ ದೇಹವನ್ನು ಕಿಟಕಿಯ ಮೊಳೆಗೆ ನೇತುಹಾಕಿಬಿಟ್ಟ.

"ತಗೀರೀ! ನಿಮ್ಮ ಕಾಲು ಬೀಳ್ತೀನಿ, ತಗೀರೀ!"

"ನಾಟಕ," ಎಂದರು ಸಾಹೇಬರು. "ಸಂಜಿತನ ಟೈಮ್ ಕೊಡ್ತೀನಿ ಗದ್ದೆಮ್ಮ. ಬ್ಯಾರೆ ಯಾರಾದ್ರೂ ಸಿಕ್ರ ಸರಿ. ಇಲ್ಲಂದ್ರ ಇವನ ಮ್ಯಾಲ ಕೇಸು."

ನಾಟಕವಲ್ಲವೆಂದು ಗದ್ದೆಮ್ಮನಿಗೆ ಗೊತ್ತಿತ್ತು. ಕಾಲು ನಡುಗುವುದನ್ನು ನಟಿಸಬಹುದು. ಬೆವರನ್ನು ಹೇಗೆ ನಟಿಸುವುದು?

*

ಸಿಂಧನೂರು ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯೇ ಉಳಿಯಿತು. ಖಾಕಿಯ ಪಕ್ಕ ಯಾರು ಕೂರುತ್ತಾರೆ? ನಿಂತವರು ನಿಂತೇ ಬಂದರು. ಕಿಟಕಿಯಾಚೆ ಹತ್ತಿ ಹೊಲ ಮುಗಿದು, ಕಾಲುವೆ ನೀರು, ಹಸಿರು ಭತ್ತ ಶುರುವಾಯಿತು. ನೋಡಿ ಹೇಳಲು ಯಾರೂ ಇರಲಿಲ್ಲವೆಂದು ಅವಳು ತನಗೆ ತಾನೇ, "ಭತ್ತ ಚಲೋ ಬಂದಾವ," ಎಂದಳು.

ಆನಂದಕುಮಾರನ ಸ್ಟುಡಿಯೋ ರೈಸ್ ಮಿಲ್ಲಿನ ಪಕ್ಕದಲ್ಲಿತ್ತು. ಮುಂದೆ ಒಂದು ಹಳೇ ಜೀಪು. ಜೀಪಿಗೆ ಹಳದಿ ಲೈಟು. ಒಂದೇ ಒಂದು!

ಗದ್ದೆಮ್ಮ ಸರಸರ ಹತ್ತಿರ ಹೋದಳು. ಬಗ್ಗಿ ನೋಡಿದಳು. ನಟ್ಟು ತುಕ್ಕು ಹಿಡಿದು ಕಲ್ಲಾಗಿತ್ತು. ಲೈಟಿಗೂ ಬಂಪರಿಗೂ ನಡುವೆ ಜೇಡ ಬಲೆ ಕಟ್ಟಿ, ಮಕ್ಕಳು ಮೊಮ್ಮಕ್ಕಳ ಸಮೇತ ಸಂಸಾರ ಹೂಡಿತ್ತು. ನಿನ್ನೆ ಹಾಕಿದ ಲೈಟಲ್ಲ.

"ಜೋಡಿದು ಲಾರಿ ತಾಗಿ ಒಡೀತ್ರಿ," ಎಂದ ಆನಂದಕುಮಾರ. "ಇದನ್ನ ನೋಡಿನಽ ಗ್ಯಾನಪ್ಪಜ್ಜನಿಗೂ ಅಂಥಾವು ಹಾಕ್ಸಂದಿದ್ದೆ. ಶುಕ್ರವಾರ ಬರ್ತಾನಲ್ರಿ? ಮ್ಯಾಲಿನ ಖೋಲಿ ತೊಳಿಸಿ ಇಟ್ಟೀನಿ."

"ಖೋಲಿ ಯಾಕ?"

"ಇರಾಕ್ರಿ. ಇನ್ನ ಮುಂದ ಇಲ್ಲೇ ಅವನ ವಾಸ. ಮಸ್ಕಿ ಬಿಟ್ಟು ಬರ್ತೀಯೇನು ಅಜ್ಜಾ ಅಂತ ಕೇಳಿದೆ. ಹೂಂ ಬರ್ತೀನಿ, ಅಲ್ಲಿ ನನಗ್ಯಾರದಾರ ಅಂದ."

"ಎಲ್ಲಿ ಕೇಳಿದಿ ಈ ಮಾತು?"

"ಲೈಟ್ ಆದ್ವೇನಂತ ನಿನ್ನೆ ಗಾಡಿ ನೋಡಾಕ ಹೋದಾಗ, ಅವರ ಮನಿ ಮುಂದನಽ. ಆ ಮೆಕ್ಯಾನಿಕ್ ಚಾಚಾ ಬಂಪರ್ ಕೆಳಗ ಕುಂತು ಲೈಟ್ ಬಿಗಿ ಮಾಡಾಕತ್ತಿದ್ದ."

ಗದ್ದೆಮ್ಮನ ಕೈ ತಾನಾಗಿ ಅಂಗಿಯ ಗುಂಡಿಗೆ ಹೋಯಿತು. ಗಟ್ಟಿ ಗುಂಡಿ. ರವಿವಾರ ಕೀಳಬೇಕಾದ ಗುಂಡಿ.

"ಈ ಲೈಟ್ ಬಿಚ್ಚಿ ಕೊಡಪ್ಪ," ಎಂದಳು. "ಜೇಡಕ್ಕ ನನ್ನ ಹೆಸರು ಹೇಳು."

*

ಸೂರ್ಯ ಇಳಿಯುವ ಮೊದಲೇ ಅವಳು ಹಸನ್‌ಸಾಬನ ಅಂಗಡಿಯಲ್ಲಿದ್ದಳು. ಗ್ಯಾನಪ್ಪ ಪೆಟ್ಟಿಗೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಅವಳು ಚೀಲದಿಂದ ಲೈಟು ತೆಗೆದು ಮೇಜಿನ ಮೇಲಿಟ್ಟಳು.

"ಜೋಡಿ ಸಿಕ್ತು ಚಾಚಾ. ಈಗಿಂದೀಗ ಫಿಟ್ ಮಾಡ್ರಿ."

ಗ್ಯಾನಪ್ಪ ಚಿಟಿಕೆ ಹೊಡೆದು ಎದ್ದು ನಿಂತ. ಹಸನ್‌ಸಾಬ್ ಏಳಲಿಲ್ಲ.

"ಇದು ಬರೂದಿಲ್ಲ," ಎಂದ.

"ಯಾಕ?"

"ಕ್ಲಾಂಪ್ ಬ್ಯಾರೆ."

"ನಿಮ್ಮ ಕ್ಲಾಂಪ್ ಗಾಡಿಗೇ ಐತಿ. ಲೈಟ್ ಅಷ್ಟ ಹಾಕೋದು."

"ಬಣ್ಣ ಬ್ಯಾರೆ."

"ಅದೂ ಹಳದಿ, ಇದೂ ಹಳದಿ."

"ವಾಯರ್ ಇಲ್ಲ ನನ್ನ ಹತ್ರ."

ಅವನ ಹಿಂದೆ ಗೋಡೆಯ ತುಂಬ ವಾಯರ್ ಸುರುಳಿಗಳು ತೂಗುತ್ತಿದ್ದವು. ಇಡೀ ಮಸ್ಕಿಯನ್ನು ಮೂರು ಸುತ್ತು ಸುತ್ತಿದರೂ ಉಳಿಯುವಷ್ಟು. ಗ್ಯಾನಪ್ಪ ಅವನ್ನು ನೋಡಿದ. ಗೆಳೆಯನನ್ನು ನೋಡಿದ.

"ಯಾಕಲೇ ಹಸನ್ಯಾ? ನಿನಗೇನಾಗೈತಿ?"

"ನಾ ಹೇಳ್ತೀನಿ ಕಾಕಾ," ಎಂದಳು ಗದ್ದೆಮ್ಮ. ದನಿ ಪೊಲೀಸರದ್ದಾಗಿರಲಿಲ್ಲ. "ಮಾರಾಕ ಕದಿಯೋನು ಜೋಡಿ ಒಯ್ಯತಾನ. ಒಂದಽ ಒಯ್ದ ಅಂದ್ರ ಅವನಿಗೆ ಲೈಟ್ ಬೇಕಾಗಿದ್ದಿಲ್ಲ. ಕೆಲಸ ಮುಗಿಯಬಾರದಾಗಿತ್ತು, ಅಷ್ಟಽ. ಕಳ್ಳಗ ಅವಸರ ಇರತೈತಿ, ವಾಯರ್ ಕತ್ತರಿಸ್ತಾನ. ಇವ ಬಿಚ್ಚಿ, ಟೇಪ್ ಸುತ್ತಿ, ನಟ್ಟು ತಿರುಗಿ ಹಾಕಿ ಹೋಗ್ಯಾನ. ಮತ್ತ ತಾನಽ ಫಿಟ್ ಮಾಡಬೇಕಲ್ಲ."

ಹಸನ್‌ಸಾಬ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸುತ್ತಲೇ ಇದ್ದ.

"ಆಮ್ಯಾಲ ನಿಂಬಿಹಣ್ಣು. ಎಡಗಡಿ ಲೈಟ್ ಬಿಚ್ಚಬೇಕಂದ್ರ ಅದನ್ನ ಬಿಚ್ಚಬೇಕು. ದುರುಗೇಶ ಮುಟ್ಟೋದಿಲ್ಲ. ಮುಟ್ಟೋ ಧೈರ್ಯ ಇದ್ದ ಬ್ಯಾರೆ ಕಳ್ಳ ಆಗಿದ್ರ ಎತ್ತಿ ಒಗೀತಿದ್ದ. ಇವಗ ಅದರ ಅಂಜಿಕಿ ಇಲ್ಲ. ಆದ್ರ ಒಗಿಯಾಕೂ ಮನಸ್ಸಾಗಿಲ್ಲ. ಗ್ಯಾನಪ್ಪನ ಗಾಡಿಗೆ ದೃಷ್ಟಿ ಆಗಬಾರದಂತ ಈ ಕಡಿ ಲೈಟಿಗೆ ಕಟ್ಟಿ ಹೋಗ್ಯಾನ. ಕಳವು ಮಾಡಾಕ ಬಂದು ಕಾವಲು ಇಟ್ಟು ಹೋದ."

ಗದ್ದೆಮ್ಮ ಪೆಟ್ಟಿಗೆಯ ಕಡೆ ತಿರುಗಿದಳು.

"ಮುಂಜಾನಿ ನನ್ನ ಈ ಪೆಟ್ಟಿಗಿ ಮ್ಯಾಲ ಕುಂದ್ರಗೊಡಲಿಲ್ಲ ನೀವು. ಕಾಕಾ ಅಂತೂ ಕುಂತ ಮ್ಯಾಲ ಕೆಳಗ ನೋಡೋನಲ್ಲ."

ಅವಳು ಪೆಟ್ಟಿಗೆ ಎತ್ತಿದಳು. ಕೆಳಗೆ, ತೊಳೆದು ಮಡಚಿದ ಬಿಳಿ ಟವೆಲ್ಲಿನಲ್ಲಿ, ಬಾಣಂತಿಯ ಕೂಸಿನ ಹಾಗೆ ಹಳದಿ ಲೈಟು ಮಲಗಿತ್ತು.

ದಿನವಿಡೀ ಅದರ ಮೇಲೆಯೇ ಕೂತು ಗ್ಯಾನಪ್ಪ ಕಳ್ಳನನ್ನು ಬೈದಿದ್ದ.

"ನನ್ನ ಕೆಲಸ ಕಳೀಬೇಕಂತ ಮಾಡಿದ್ಯೇನಲೇ?" ಗ್ಯಾನಪ್ಪ ಬಗ್ಗಿ ಲೈಟನ್ನು ಎತ್ತಿಕೊಂಡ. "ಬಾಯಿ ಇದ್ದಿದ್ದಿಲ್ಲೇನು? ಹೋಗಬ್ಯಾಡ ಅನ್ನಬೇಕಾಗಿತ್ತು."

"ಅನ್ನಾಕ ನಾನೇನು ನಿನ್ನ ಹೇಂತಿ ಏನು?" ಹಸನ್‌ಸಾಬ್ ಮೊದಲ ಸಲ ತಲೆ ಎತ್ತಿದ. "ಮಸ್ಕ್ಯಾಗ ನನಗ್ಯಾರದಾರ ಅಂದಿ. ನಾ ನಿನ್ನ ಗಾಡಿ ಕೆಳಗಽ ಕುಂತಿದ್ದೆ ಗ್ಯಾನ್ಯಾ. ನಟ್ಟು ಬಿಗಿ ಮಾಡಾಕತ್ತಿದ್ದೆ."

ರಸ್ತೆಯಲ್ಲಿ ಭತ್ತದ ಲಾರಿಯೊಂದು ಹೋಯಿತು. ಗ್ಯಾನಪ್ಪ ಲೈಟನ್ನು ಟವೆಲ್ಲಿನಲ್ಲಿ ಸುತ್ತಿ ಗೆಳೆಯನ ಮಡಿಲಲ್ಲಿಟ್ಟ.

*

ಗ್ಯಾನಪ್ಪ ಫಿರ್ಯಾದು ವಾಪಸ್ ತೆಗೆದುಕೊಂಡ. ಸಾಹೇಬರು ಹಲ್ಲು ಕಡಿದರು, ದುರುಗೇಶನನ್ನು ಬಿಟ್ಟರು. ಹಸನ್‌ಸಾಬ್ ಮರುದಿನವೇ ಲಿಂಗಸುಗೂರಿಗೆ ಹೋಗಿ, ದುರುಗೇಶನ ಓಣಿಯಲ್ಲಿ ಎಲ್ಲರ ಮುಂದೆ ಕೈ ಮುಗಿದು, ತಪ್ಪು ನನ್ನದು ಎಂದ. ಗಂಡಿನವರು ಮತ್ತೆ ಬಂದರು.

ಬಿಚ್ಚಿದ ಕೈಯೇ ಲೈಟನ್ನು ತಿರುಗಿ ಫಿಟ್ ಮಾಡಿತು.

ಶುಕ್ರವಾರ ಬೆಳಿಗ್ಗೆ ಗ್ಯಾನಪ್ಪ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. "ವಾರಕ್ಕೊಮ್ಮೆ ಬರ್ತೀನಲೇ, ಫೋಕಸ್ ನೋಡ್ಸಾಕ."

"ಫೋಕಸ್ ವಾರಕ್ಕೊಮ್ಮೆ ಕೆಡೂದಿಲ್ಲ."

"ನೀ ಫಿಟ್ ಮಾಡಿದ್ದಲ್ಲ? ಕೆಡತೈತಿ ಬಿಡು."

ಹಾಡಹಗಲೇ ಎರಡೂ ಲೈಟು ಹಚ್ಚಿಕೊಂಡು ಹೊರಟ. ಗೆಳೆಯನಿಗೆ ದೂರದವರೆಗೂ ಕಾಣಲಿ ಎಂದು. ಆದರೆ ಮುಂದಿನ ಲೈಟು ಹಿಂದೆ ನಿಂತವನಿಗೆ ಕಾಣುವುದಿಲ್ಲ. ಅಷ್ಟು ದಿನ ಫಿಟ್ ಮಾಡುವಾಗ ಇಬ್ಬರಿಗೂ ಅದು ಹೊಳೆದಿರಲಿಲ್ಲ. ಹಸನ್‌ಸಾಬ್ ಧೂಳನ್ನಷ್ಟೇ ನೋಡುತ್ತ ನಿಂತ.

ಮಧ್ಯಾಹ್ನ ಗದ್ದೆಮ್ಮ ಬಂದಳು. ಡ್ಯೂಟಿಯ ಟಾರ್ಚು ಮುಂದೆ ಹಿಡಿದಳು.

"ಕೆಟ್ಟೈತಿ ಚಾಚಾ."

ಅವನು ಗುಂಡಿ ಒತ್ತಿದ. ಶಟರಿನ ಸೀಮೆಸುಣ್ಣದ ಗೆರೆಗಳ ಮೇಲೆ ಬೆಳಕು ದುಂಡಗೆ, ಸ್ವಚ್ಛವಾಗಿ ಬಿತ್ತು. ಆರಿಸಿದ. ಮತ್ತೆ ಹಚ್ಚಿದ. ಬಹಳ ಹೊತ್ತು ಅದನ್ನೇ ನೋಡಿದ.

"ಹೌದಲ್ಲ," ಎಂದ. "ಭಾಳ ಕೆಟ್ಟೈತಿ. ಟೈಮ್ ಹಿಡೀತದ."

"ಹಿಡೀಲಿ."

ಹಸನ್‌ಸಾಬ್ ಹೆಗಲ ಮೇಲಿನ ವಸ್ತ್ರದಿಂದ ಪೆಟ್ಟಿಗೆ ಒರೆಸಿದ. "ಕುಂದ್ರು ಬೇಟಿ," ಎಂದು ಬುತ್ತಿ ಬಿಚ್ಚಿದ.