ನೈಲಾನ್ ಕೂದಲಲ್ಲಿ ಪಾದರಸ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾಟಕದವರಿಗೆ ವಿಗ್ ಹೊಲಿದುಕೊಡುವವಳು.

"ಮಗಳು ಆಸ್ಪತ್ರೇಲಿದಾಳೆ ಸಾರ್. ಏಳು ವರ್ಷ. ಆ ಮನೆಹಾಳ ಡ್ರಿಪ್ ಹಾಕಿ ಮಲಗಿಸಿಬಿಟ್ಟ."

"ಯಾರು?"

"ಲೋಹದ ಡಾಕ್ಟ್ರು."

ಮಗುವಿಗೆ ಆಟಿಸಂ. ಪಾದರಸ, ತಾಮ್ರ ಮೈಬಿಟ್ಟು ಹೋಗದೆ ಕೂತಿವೆ, ತೊಳೆದರೆ ಮಾತು ಬರುತ್ತೆ ಅನ್ನುವುದು ಅವನ ವಾದ. ಅದಕ್ಕೆ ಆಧಾರ ಕೂದಲಿನ ಪರೀಕ್ಷೆ. ಅವಳು ಪ್ರಶ್ನೆ ಕೇಳಿದ್ದಕ್ಕೆ, "ತಾಯಿಗೇ ಮಗು ಗುಣವಾಗೋದು ಬೇಡ್ವೇನೋ" ಎಂದು ಗಂಡನೆದುರೇ ಅಂದಿದ್ದ. ಅವಳಿಲ್ಲದಾಗ ಗಂಡ ಮಗಳನ್ನು ಕರೆದೊಯ್ದ. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಕೂಸಿಗೆ ಫಿಟ್ಸ್.

ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಎಫ್‌ಐಆರ್ ದಾಖಲಿಸಿದರು.

"ಅಪ್ಪನೇ ಒಪ್ಪಿದ್ದ ಅಂತ ನುಣುಚಿಕೊಳ್ತಾನಮ್ಮ. ಪರೀಕ್ಷೆಯೇ ಬೋಗಸ್ ಅಂತ ತೋರಿಸ್ಬೇಕು."

ಅವಳು ಚೀಲದಿಂದ ಒಂದು ಕೂದಲಿನ ಕುಚ್ಚು ತೆಗೆದಿಟ್ಟಳು. "ಇದು ನೈಲಾನ್. ಪುಡಿ ಉಜ್ಜಿ ಹೊಳಪು ತೆಗೆದಿದೀನಿ. ಸುಟ್ಟು ನೋಡಿದ್ರೆ ಮಾತ್ರ ಗೊತ್ತಾಗೋದು."

ಮರುದಿನ ಠಾಣೆಯವರೆಲ್ಲ 'ಮೀಸೆ' ಎನ್ನುವ ಹೆಡ್ ಕಾನ್ಸ್‌ಟೇಬಲ್ ತಾತನ ವೇಷದಲ್ಲಿ ಹೋಗಿ, ಮೊಮ್ಮಗನ ಕೂದಲೆಂದು ಅದನ್ನು ಆ ಡಾಕ್ಟರನಿಗೆ ಕೊಟ್ಟು ಬಂದರು. ಗುರುವಾರ ಫಲಿತಾಂಶ ಕೈಗೆ ಬಂತು.

"ಸಾರ್, ವಿಗ್ಗಿಗೆ ಪಾದರಸ ವಿಪರೀತವಂತೆ! ಇಪ್ಪತ್ತು ಡ್ರಿಪ್ ಬೇಕಂತೆ!"

"ನಗೋ ವಿಷಯವೇನ್ರೀ? ಜೀಪ್ ತೆಗೀರಿ."

ಅಷ್ಟರಲ್ಲಿ ಮಗಳು ಕಣ್ಣು ಬಿಟ್ಟ ಸುದ್ದಿ ಬಂದಿತ್ತು. ಆದರೂ ಜಾಗ ತೋರಿಸಲು ತಾಯಿ ಜೊತೆಗೇ ಹೊರಟಳು. ಅವನ ಮುಖಕ್ಕೆ ಉಗಿಯದೆ ಅವಳಿಗೆ ಸಮಾಧಾನವಿರಲಿಲ್ಲ.

ಕ್ಲಿನಿಕ್ ಮನೆಗೇ ಅಂಟಿಕೊಂಡಿತ್ತು. ಪಂಚರೆದುರು ಬಾಟಲಿಗಳನ್ನು ವಶಪಡಿಸಿಕೊಂಡು ಪಂಚನಾಮೆ ಬರೆಯುತ್ತ ಒಳಕೋಣೆಗೆ ಬಂದರು. ಮಂಚದ ಮೇಲೆ ಇಪ್ಪತ್ತರ ಹುಡುಗನೊಬ್ಬ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಎರಡೂ ಮುಂಗೈಗಳಲ್ಲಿ ಸೂಜಿಯ ಕಲೆ.

"ಯಾರಿವನು?"

"ನನ್ನ ಮಗ."

"ಎಷ್ಟು ವರ್ಷದಿಂದ ಚುಚ್ತಿದೀಯ?"

"ಆರನೇ ವಯಸ್ಸಿಂದ." ಡಾಕ್ಟರ್ ಮಗನ ಕಡೆ ನೋಡಿದ. "ಎರಡು ವರ್ಷದ ತನಕ ಅಪ್ಪಾ ಅಂತಿದ್ದ ಸಾರ್. ಯಾರೋ ಏನೋ ಸೇರಿಸಿದಾರೆ ಮೈಯೊಳಗೆ. ಇನ್ನೊಂದು ಚೂರು ತೆಗೆದ್ರೆ ಮತ್ತೆ ಅಪ್ಪಾ ಅಂತಾನೆ."

ಇನ್ಸ್‌ಪೆಕ್ಟರ್, "ಇವನನ್ನ ಬಂಧಿಸಿ" ಎಂದರು.

ಹುಡುಗಿಯ ತಾಯಿ ಬಾಗಿಲು ದಾಟಿ ಒಳಬಂದಳು. ಬೈಗುಳವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಹೊಸಬರು ಹತ್ತಿರ ಬಂದದ್ದನ್ನು ಕಂಡ ಹುಡುಗ ಮುಚ್ಚಳ ಬಿಟ್ಟು, ತಾನೇ ತೋಳಿನ ಬಟ್ಟೆ ಮೇಲೆ ಮಡಚಿ, ಸೂಜಿಗೆಂದು ಕೈ ಚಾಚಿದ.

"ಬೇಡ ಕಂದ, ಬೇಡ." ಅವನ ತೋಳಿನ ಬಟ್ಟೆ ಇಳಿಸಿದಳು. ಆಮೇಲೆ ಬೇಡಿ ಬಿದ್ದವನ ಕಡೆ ತಿರುಗಿದಳು.

"ಇಷ್ಟು ವರ್ಷ ಹಿಂಗೆ ಕೈ ಚಾಚಿದ್ನಲ್ಲೋ ಪಾಪಿ, ಒಂದು ಸಲ ಹಿಡ್ಕೊಂಡ್ಯಾ?"