ದೇರಪ್ಪನವರ ನೊರೆಹಾಲು

“ಇದು ಆಡಿನ ಹಸಿ ಹಾಲಿನಿಂದ ಬಂದ ಜ್ವರ,” ಎಂದರು ಮಡಿಕೇರಿಯ ಡಾಕ್ಟರು.

ಗಂಗಮ್ಮನ ಕೈಯಲ್ಲಿದ್ದ ಕೊಡೆ ನೆಲಕ್ಕೆ ಬಿತ್ತು. ಜ್ವರವೆಂದರೆ ಎಂಥ ಜ್ವರ! ಗಂಡ ದೇರಪ್ಪನವರ ಹಣೆಯ ಮೇಲೆ ಅಕ್ಕಿ ರೊಟ್ಟಿ ಬೇಯಿಸಬಹುದಿತ್ತು. ನಕ್ಕರೆ ಏಳು ಊರಿಗೆ ಕೇಳಿಸುತ್ತಿದ್ದ ಮನುಷ್ಯ, ಈಗ ಮಂಚದಿಂದ ಏಳಲು ಗೋಡೆ ಹಿಡಿಯಬೇಕು.

“ಟೆಸ್ಟ್ ಮಾಡಿಸಿಯೇ ಕುಡಿಸಿದ್ದು ನಾನು!”

ಅದು ನಿಜ. ಆಡಿನ ರಕ್ತ ಪರೀಕ್ಷೆ ಆಗದೆ ಮನೆಗೆ ಒಂದು ತೊಟ್ಟು ಹಾಲೂ ಬರಬಾರದೆಂದು ಅವಳು ಹಟ ಹಿಡಿದಿದ್ದಳು. ಆಡು ಮಾರಿದ ಕೂಸಪ್ಪನೇ ರಕ್ತ ತೆಗೆದು ಲ್ಯಾಬಿಗೆ ಕಳಿಸಿದ. ರೋಗವಿಲ್ಲವೆಂದು ಉತ್ತರ ಬಂತು. ಆಮೇಲೆಯೇ ದೇರಪ್ಪನವರು ಕೆಚ್ಚಲಿನ ಬಿಸಿ ಆರುವ ಮೊದಲೇ ನೊರೆಹಾಲನ್ನು ಗಟಗಟ ಏರಿಸತೊಡಗಿದ್ದು.

“ಲ್ಯಾಬಿನವರದ್ದೇ ತಪ್ಪು ಅವ್ವ,” ಎಂದ ಮಗ ಶಶಿಧರ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಜೀಪು ಓಡಿಸುತ್ತ. “ಗಂಗಮ್ಮನ ಟೆಸ್ಟಿಗಿಂತ ಟೆಸ್ಟ್ ಇಲ್ಲದ್ದೇ ವಾಸಿ ಅಂತ ಇನ್ನು ಊರೆಲ್ಲ ನಗ್ತದೆ.”

“ನಗ್ಲಿ! ಯಾರ ತಪ್ಪು ಅಂತ ಇವತ್ತೇ ಹಿಡೀತೇನೆ.”

ಮನೆ ತಲುಪಿದವಳೇ ಕೊಟ್ಟಿಗೆಗೆ ನುಗ್ಗಿದಳು. ಆಡಿನ ಕತ್ತನ್ನು ಎರಡೂ ಕಡೆ ಸವರಿದಳು. ಮತ್ತೆ ಸವರಿದಳು.

“ಶಶಿ, ಜೀಪು ತಿರುಗಿಸು. ಕೂಸಪ್ಪನಲ್ಲಿಗೆ. ಈ ಆಡನ್ನೂ ಹತ್ತಿಸು.”

ಕೂಸಪ್ಪನ ಅಂಗಳದಲ್ಲಿ ನೆರೆಮನೆಯ ಸೋಮಿ ಇನ್ನೊಂದು ಆಡಿನ ಹಗ್ಗ ಹಿಡಿದು ನಿಂತಿದ್ದಳು.

“ಯಾರಿಗೆ ಸೋಮಿ?”

“ನನ್ನ ಮಗಳು ಅಶ್ವಿತಾಳಿಗೆ ಗಂಗಕ್ಕ. ಬಸುರಿ ಅಲ್ವಾ? ಟೆಸ್ಟ್ ಆಗಿದೆಯಂತೆ.”

ಗಂಗಮ್ಮನ ಕಣ್ಣಲ್ಲಿ ಒಂದು ಮೂಟೆ ಕಾಫಿ ಬೀಜ ಹುರಿಯುವಷ್ಟು ಕೆಂಡ!

“ಸ್ವಲ್ಪ ನಿಲ್ಲು. ಕೂಸಪ್ಪ, ನಮ್ಮ ಆಡಿಗೆ ರೋಗ ಎಲ್ಲಿಂದ ಬಂತು?”

“ನಿಮ್ಮ ಕೊಟ್ಟಿಗೆಯಲ್ಲೇ ಹತ್ತಿರ್ಬೇಕು.”

“ನಮ್ಮಲ್ಲಿ ಇರೋದೇ ಅದೊಂದು. ಯಾರಿಂದ ಹತ್ತೋದು — ನನ್ನಿಂದಲಾ? ಇರಲಿ. ಇಲ್ಲಿ ಮೂರು ಆಡು ಹಾಲು ಕೊಡ್ತವೆ. ಮರಿ ಎಲ್ಲಿ?”

“ಚಳಿಗೆ ಸತ್ತವು.”

“ಹುಟ್ಟುವ ಮೊದಲೇ ಚಳಿ ಆಯ್ತಾ?”

ಗಂಗಮ್ಮ ಮೂಲೆಗೆ ನಡೆದಳು. ಅಲ್ಲಿ ಒಂದು ಹೋತವನ್ನು ಒಂಟಿಯಾಗಿ ಕಟ್ಟಲಾಗಿತ್ತು. ಅದರ ಗಡ್ಡ ಎತ್ತಿದಳು. ಕತ್ತಿನ ಪಕ್ಕ ಅಂಗೈಯಗಲ ಬೋಳು — ಈಗಷ್ಟೇ ಚಿಗುರುತ್ತಿದ್ದ ಮೋಟು ಕೂದಲು!

“ಬಂದು ನೋಡಿ ಎಲ್ಲರೂ! ರಕ್ತ ತೆಗೆಯೋದು ಕತ್ತಿನ ನರದಿಂದ. ನರ ಕಾಣ್ಲಿಕ್ಕೆ ಕೂದಲು ಬೋಳಿಸ್ತಾರೆ. ಹಿಂದೆ ನಮ್ಮಲ್ಲಿದ್ದ ದನಕ್ಕೆ ಮಾಡುವಾಗ ಕತ್ತು ಹಿಡಿದವಳೇ ನಾನು. ನನ್ನ ಆಡಿನ ಕತ್ತಲ್ಲಿ ಗೇಣುದ್ದ ಕೂದಲು ಉಂಟು, ಕತ್ತರಿಯೇ ತಾಗಿಲ್ಲ. ಟೆಸ್ಟ್ ಆಗಿ ತಿಂಗಳೂ ತುಂಬಿಲ್ಲ, ಅಷ್ಟುದ್ದ ಬೆಳೀತದಾ?”

“ಗಂಗಕ್ಕ, ಅದು...”

“ಬಾಯ್ಮುಚ್ಚು! ನಿನ್ನ ಹೆಣ್ಣಾಡುಗಳೆಲ್ಲ ದಿನ ತುಂಬದೆ ಮರಿ ಹಾಕಿದವು. ಅದೇ ಈ ರೋಗದ ಗುರುತು ಅಂತ ಡಾಕ್ಟರೇ ಹೇಳಿದ್ರು; ನಿನಗೂ ಗೊತ್ತಾಯ್ತು. ಹೊಸದಾಗಿ ತಂದು ಬೇರೆ ಕಟ್ಟಿದ ಈ ಹೋತದ ರಕ್ತ ತೆಗೆದು ನನ್ನ ಆಡಿನದ್ದು ಅಂತ ಕಳಿಸಿದೆ. ಜನ್ಮದಲ್ಲಿ ಹಾಲೇ ಕೊಡದ ಗಂಡಿನ ರಕ್ತ ನಂಬಿ ನಮ್ಮವರು ಹಾಲು ಕುಡಿದರು! ತಪ್ಪು ಲ್ಯಾಬಿನವರದ್ದಲ್ಲ. ಕಳ್ಳ ನೀನೇ, ಕೂಸಪ್ಪ!”

“ಸುಳ್ಳು! ನನ್ನ ಆಡುಗಳಿಗೆ ಏನೂ ಇಲ್ಲ!”

ಗಂಗಮ್ಮ ಜೀಪಿನಿಂದ ಆಡನ್ನು ಇಳಿಸಿ, ಜಗಲಿಯ ಮೇಲಿದ್ದ ಲೋಟ ಎತ್ತಿಕೊಂಡು, ಅಲ್ಲೇ ಕೂತು ಹಾಲು ಕರೆದಳು. ನೊರೆ ಉಕ್ಕುವ ಲೋಟವನ್ನು ಅವನ ಮೂಗಿನ ಮುಂದೆ ಹಿಡಿದಳು.

“ಹಾಗಾದ್ರೆ ಕುಡಿ.”

ಕೂಸಪ್ಪ ಲೋಟ ನೋಡಿದ. ಸೋಮಿಯನ್ನು ನೋಡಿದ. ತುಟಿ ಒರೆಸಿಕೊಂಡ.

“ಕಾಯಿಸಿ ಕೊಡಿ, ಗಂಗಕ್ಕ.”

ಸೋಮಿಯ ಕೈಯಿಂದ ಹಗ್ಗ ಜಾರಿತು. ಶಶಿಧರ ಪಶು ಆಸ್ಪತ್ರೆಗೆ ಫೋನ್ ಹಚ್ಚಿದ. ಗಂಗಮ್ಮನ ಕೂಗು ಮಾತ್ರ ತೋಟ, ಗದ್ದೆ, ಹೊಳೆ ಎಲ್ಲವನ್ನೂ ದಾಟಿ ನಾಪೋಕ್ಲು ಪೇಟೆಯನ್ನೇ ಮುಟ್ಟಿತು:

“ಈ ಮಾತನ್ನು ನನ್ನ ಗಂಡನಿಗೆ ಯಾಕೋ ಹೇಳ್ಲಿಲ್ಲ?”